ದೂರದರ್ಶನದ ಅರ್ಧ ಗಂಟೆ, ಚಿಕ್ಕಲ್ಲೂರಿನ ಇರುಳು

ಕನ್ನಡನಾಡಿನ ಹಳ್ಳಿಗರು ದೂರದರ್ಶನದಲ್ಲಿ ತಮ್ಮ ನುಡಿಯನ್ನು ಮೊದಲು ಕೇಳಿದ ಬಗೆಯನ್ನು ನೆನೆದರೆ ಇಂದಿಗೂ ಆಶ್ಚರ್ಯವಾಗುತ್ತದೆ. ಹೈದರಾಬಾದಿನ ನಿರ್ಮಾಣಕೇಂದ್ರದಲ್ಲಿ ಸಿದ್ಧವಾದ ಕನ್ನಡ ಕಾರ್ಯಕ್ರಮವು ಅಹಮದಾಬಾದಿನ ಭೂಕೇಂದ್ರಕ್ಕೆ ಹೋಗಿ, ಅಲ್ಲಿಂದ ಆಕಾಶಕ್ಕೇರಿ, ಪೂರ್ವ ಆಫ್ರಿಕದ ನೆತ್ತಿಯಲ್ಲಿ ನಿಲ್ಲಿಸಿದ್ದ ಎಟಿಎಸ್-6 ಎಂಬ ಅಮೆರಿಕದ ಉಪಗ್ರಹವನ್ನು ಮುಟ್ಟಿ, ಮರಳಿ ಭೂಮಿಗಿಳಿದು, ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ತಂತಿಬಲೆಯಿಂದ ಹೆಣೆದ ಹತ್ತಡಿ ಅಗಲದ ತಟ್ಟೆಯ ಮೂಲಕ, ಊರಿಗೊಂದೇ ಆಗಿದ್ದ ಸಾರ್ವಜನಿಕ ಪೆಟ್ಟಿಗೆಯಲ್ಲಿ ಚಿತ್ರವಾಗಿ ಮೂಡುತ್ತಿದ್ದಿತು. 1975ರ ಆಗಸ್ಟ್ 1ರಂದು ಮೊದಲಾಗಿ 1976ರ ಜುಲೈ 31ರಂದು ಮುಗಿದ, ‘ಸೈಟ್’ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾದ ಆ ಪ್ರಯೋಗವು ವಿಕ್ರಮ ಸಾರಾಭಾಯಿಯವರ ಕನಸಿನಿಂದ ಹುಟ್ಟಿದುದು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಅದರ ವ್ಯಾಪ್ತಿಗೆ ಸೇರಿದ್ದವು. ದಿನಕ್ಕೆ ನಾಲ್ಕು ಗಂಟೆಗಳ ಪ್ರಸಾರದಲ್ಲಿ ಬೆಳಗಿನ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೂ, ಸಂಜೆಯ ಎರಡೂವರೆ ಗಂಟೆ ಹಿರಿಯರಿಗೂ ಮೀಸಲಾಗಿದ್ದವು. ಅದು ಮುಗಿದ ಮರುವರ್ಷ, ಎಂದರೆ 1977ರಲ್ಲಿ, ಗುಲ್ಬರ್ಗದಲ್ಲಿ ಕನ್ನಡನಾಡಿನ ಮೊದಲ ದೂರದರ್ಶನ ಕೇಂದ್ರವು ನೆಲೆಗೊಂಡಿತು. ರಾಜಧಾನಿಯಾದ ಬೆಂಗಳೂರಿಗೆ ಈ ಭಾಗ್ಯವು ದೊರೆತುದು ಅದಾದ ನಾಲ್ಕು ವರ್ಷಗಳ ಬಳಿಕ, 1981ರಲ್ಲಿ.

ಈ ಕಾಲಕ್ರಮವನ್ನು ವಿಮರ್ಶಕನಾದವನು ಲಘುವಾಗಿ ದಾಟಿಹೋಗಲಾಗದು. ದೇಶದ ಬೇರೆ ಹಲವು ಕಡೆಗಳಲ್ಲಿ ದೂರದರ್ಶನವು ಮಹಾನಗರದಲ್ಲಿ ಹುಟ್ಟಿ ಹಳ್ಳಿಯ ಕಡೆಗೆ ಹರಿಯಿತು. ದೆಹಲಿಯಲ್ಲಿ 1959ರಲ್ಲಿ, ಮುಂಬಯಿಯಲ್ಲಿ 1972ರಲ್ಲಿ, ಮದರಾಸಿನಲ್ಲಿ 1975ರಲ್ಲಿ ಅದರ ಬಾಳು ಮೊದಲಾಯಿತು. ನಮ್ಮಲ್ಲಾದರೋ ಅದು ಬಿಸಿಲುನಾಡಿನ ಜೋಳದ ಹೊಲಗಳ ನಡುವೆ, ಶಾಲೆಯ ಅಂಗಳದಲ್ಲಿ ಗುಂಪುಗೂಡಿ ಕುಳಿತ ಒಕ್ಕಲುಮಕ್ಕಳ ಮುಂದೆ ಕಣ್ದೆರೆಯಿತು. ಹುಟ್ಟಿನಿಂದಲೇ ದೊರೆತ ಈ ಗ್ರಾಮಮುಖವಾದ ದೃಷ್ಟಿಯನ್ನು ಕರ್ನಾಟಕದ ದೂರದರ್ಶನವು ಮುಂದೆ ಎಷ್ಟರ ಮಟ್ಟಿಗೆ ಉಳಿಸಿಕೊಂಡಿತು, ಎಲ್ಲಿ ಕಳೆದುಕೊಂಡಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ವಿಚಾರಿಸುವವನು ನಿಂತಿರುವ ನೆಲೆ ಗುಲ್ಬರ್ಗಕ್ಕೆ ನೇರ ಎದುರಿನದು: ನಾಡಿನ ದಕ್ಷಿಣದ ತುದಿಯಾದ, ಗುಂಡ್ಲುಪೇಟೆಯಲ್ಲಿ ಒಂದು ದಾರಿ ಊಟಿಯ ಕಡೆಗೂ ಇನ್ನೊಂದು ವಯನಾಡಿನ ಕಡೆಗೂ ಕವಲೊಡೆಯುವ, ಮೂಡಣಕ್ಕೆ ಬಿಳಿಗಿರಿರಂಗನ ಬೆಟ್ಟವೂ ಮಲೆ ಮಾದೇಶ್ವರನ ಏಳು ಮಲೆಗಳೂ ಅಡ್ಡಗಟ್ಟಿ ನಿಂತಿರುವ ಚಾಮರಾಜನಗರದ ಸೀಮೆ. ಯಾವ ಪ್ರಸಾರಕೇಂದ್ರದ ಯೋಗ್ಯತೆಯನ್ನಾದರೂ ಅಳೆಯಬೇಕಾದರೆ ಅದರಿಂದ ಅತಿ ದೂರದಲ್ಲಿರುವವರ ಬಳಿಗೆ ಹೋಗಿ ಅಳೆಯುವುದು ನ್ಯಾಯವೆಂದು ನನ್ನ ನಂಬುಗೆ.

ಮೊದಲು ಅದರ ಗುಣವನ್ನು ಹೇಳಬೇಕು. ಬೆಂಗಳೂರಿನ ಕೇಂದ್ರವು ಅಲ್ಪ ಸಾಮಗ್ರಿಯಿಂದ ಆರಂಭವಾಗಿ, 1983ರಲ್ಲಿ ಜೆ.ಸಿ. ನಗರದ ತನ್ನ ಸ್ವಂತ ಸ್ಟುಡಿಯೋದಲ್ಲಿ ನೆಲೆನಿಂತ ಮೇಲೆ, ಕನ್ನಡದ ಸಂಗೀತಗಾರರು, ನಾಟಕಕಾರರು, ವಿದ್ವಾಂಸರು, ರೈತರೊಡನೆ ಮಾತನಾಡಬಲ್ಲ ಕೃಷಿತಜ್ಞರು ಇವರೆಲ್ಲರಿಗೂ ಮುಖವನ್ನು ಕೊಟ್ಟಿತು. ಅದಕ್ಕೆ ಮುನ್ನ ಹೆಸರು ಕೇಳಿಯೋ ಪುಸ್ತಕದ ಹಿಂಬದಿಯ ಮಸುಕಾದ ಚಿತ್ರವನ್ನು ನೋಡಿಯೋ ತೃಪ್ತರಾಗಬೇಕಾಗಿದ್ದ ಲೇಖಕರನ್ನು, ಅವರು ಮಾತಿನ ನಡುವೆ ತಡೆದು ಯೋಚಿಸುವ ರೀತಿಯನ್ನು, ಕೈಬೀಸುವ ಬಗೆಯನ್ನು ಹಳ್ಳಿಯ ಮನೆಯಲ್ಲಿ ಕುಳಿತು ಕಾಣುವಂತಾದುದು ಸಾಮಾನ್ಯವಾದ ಸಂಗತಿಯಲ್ಲ. ಆ ಕೇಂದ್ರದ ಮಾತುಕತೆಗಳಲ್ಲಿ ಅವಸರವಿರಲಿಲ್ಲ. ಅತಿಥಿಯು ವಾಕ್ಯವನ್ನು ಮುಗಿಸುವವರೆಗೆ ಪ್ರಶ್ನಿಸುವವನು ಕಾಯುತ್ತಿದ್ದನು. ಇಂದಿನ ಸುದ್ದಿವಾಹಿನಿಗಳ ಚರ್ಚೆಯಲ್ಲಿ ಆರು ಮಂದಿ ಒಟ್ಟಿಗೆ ಕೂಗುವುದನ್ನು ಕೇಳಿ ಬಂದವನಿಗೆ ಆ ತಾಳ್ಮೆಯು ಎಷ್ಟು ದೊಡ್ಡ ಸಂಸ್ಕಾರವೆಂಬುದು ತಿಳಿಯುತ್ತದೆ.

ಸದಾನಂದ ಸುವರ್ಣರು ನಿರ್ದೇಶಿಸಿದ ‘ಗುಡ್ಡದ ಭೂತ’ವನ್ನು ಈ ಸಂದರ್ಭದಲ್ಲಿ ವಿಶೇಷವಾಗಿ ನೆನೆಯಬೇಕು. ಕೆಲವೇ ಕಂತುಗಳ ಆ ಧಾರಾವಾಹಿಯು ಕರಾವಳಿಯ ಒಂದು ಊರಿನ ಮಳೆ, ಗುಡ್ಡ, ಭಯ, ನಂಬಿಕೆ, ಮಾತಿನ ಧಾಟಿ ಇವನ್ನೆಲ್ಲ ಯಾವ ಸಂಕೋಚವೂ ಇಲ್ಲದೆ ಹಾಗೆಹಾಗೆಯೇ ತೆರೆಯ ಮೇಲೆ ತಂದಿತು. ತುಳುವಿನ ಗಂಧವಿರುವ ಅದರ ಶೀರ್ಷಿಕೆಗೀತದ ಅರ್ಥವನ್ನು ಬಲ್ಲವರಾಗಲಿ ಅರಿಯದವರಾಗಲಿ ಅದನ್ನು ಗುನುಗಿದರು. ನಾಡಿನ ಒಂದು ಮೂಲೆಯು ತನ್ನ ತನವನ್ನು ಬಿಡದೆ ನಾಡಿಗೆಲ್ಲ ಪ್ರಿಯವಾಗಬಲ್ಲುದೆಂಬುದಕ್ಕೆ ಅದೇ ಸಾಕ್ಷಿ. 1998ರಲ್ಲಿ ಆರಂಭವಾದ ಟಿ.ಎನ್. ಸೀತಾರಾಂ ಮೊದಲಾದವರ ‘ಮಾಯಾಮೃಗ’ವು ಮಧ್ಯಮವರ್ಗದ ಮನೆಗಳ ನೈತಿಕ ಸಂಕಟವನ್ನು ದಿನದಿನವೂ ವಿಚಾರಕ್ಕೆ ತಂದುದು ಇನ್ನೊಂದು ಬಗೆಯ ಸಾಧನೆ. 2002ರಲ್ಲಿ ಮೊದಲಾಗಿ ಸಾವಿರಾರು ಕಂತುಗಳನ್ನು ದಾಟಿರುವ, ನಾ. ಸೋಮೇಶ್ವರರು ನಡೆಸಿಕೊಡುವ ‘ಥಟ್ ಅಂತ ಹೇಳಿ’ ಎಂಬ ರಸಪ್ರಶ್ನೆಯ ಕಾರ್ಯಕ್ರಮವು ಗೆದ್ದವರಿಗೆ ಹಣವನ್ನಾಗಲಿ ವಾಹನವನ್ನಾಗಲಿ ಕೊಡದೆ ಕನ್ನಡ ಪುಸ್ತಕಗಳನ್ನು ಕೊಡುತ್ತ ಬಂದಿದೆ. ತೊಂಬತ್ತರ ದಶಕದಲ್ಲಿ ಡಿಡಿ-9 ಎಂದು ಕರೆಯಿಸಿಕೊಂಡು ಆಮೇಲೆ ‘ಚಂದನ’ವಾದ ಈ ವಾಹಿನಿಯು ಬೇರೇನನ್ನೂ ಮಾಡದೆ ಇದೊಂದನ್ನೇ ಮಾಡಿದ್ದರೂ ಕನ್ನಡಿಗರ ಕೃತಜ್ಞತೆಗೆ ಪಾತ್ರವಾಗುತ್ತಿದ್ದಿತು.

ಇಷ್ಟನ್ನು ಮನಃಪೂರ್ವಕವಾಗಿ ಒಪ್ಪಿದ ಮೇಲೆ, ನಮ್ಮ ಸೀಮೆಯ ಪ್ರಶ್ನೆಯನ್ನು ಎತ್ತುವೆನು. ಇಲ್ಲಿನ ಜನರಿಗೆ ಸಾಹಿತ್ಯವೆಂಬುದು ಪುಸ್ತಕದ ವಸ್ತುವಾಗುವುದಕ್ಕೆ ಎಷ್ಟೋ ಶತಮಾನ ಮುಂಚಿನಿಂದ ಇರುಳಿನ ವಸ್ತುವಾಗಿದ್ದಿತು. ಕಂಸಾಳೆಯೆಂಬ ತಾಳವನ್ನು ಹಿಡಿದ ದೇವರಗುಡ್ಡರು ಮಲೆಯ ಮಾದಪ್ಪನ ಕಥೆಯನ್ನೂ, ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿಯ ಕಥೆಯನ್ನೂ ‘ಸಾಲು’ ಎಂದು ಕರೆಯುವ ಕಥಾಭಾಗಗಳಾಗಿ ಹಾಡುವಾಗ ಒಂದೊಂದು ಸಾಲಿಗೆ ಒಂದು ರಾತ್ರಿಯ ಬಹುಭಾಗವೇ ಬೇಕಾಗುತ್ತದೆ. ಕೊಳ್ಳೇಗಾಲದ ಆಚೆಯ ಚಿಕ್ಕಲ್ಲೂರಿನಲ್ಲಿ ಮಂಟೇಸ್ವಾಮಿಯ ಶಿಷ್ಯನಾದ ಸಿದ್ಧಪ್ಪಾಜಿಯ ಗದ್ದಿಗೆಯ ಮುಂದೆ ಹುಣ್ಣಿಮೆಯ ರಾತ್ರಿ ಚಂದ್ರಮಂಡಲವೆಂಬ ಆಕೃತಿಯನ್ನು ಹೊತ್ತಿಸಿದ ಮೇಲೆ ಐದು ದಿನ ನಡೆಯುವ ಜಾತ್ರೆಯಲ್ಲಿ ಬಿಡಾರಬಿಡಾರಗಳಲ್ಲಿಯೂ ಈ ಹಾಡು ಕೇಳಿಬರುತ್ತದೆ. ಹಾಡುವವನು ಕಥೆಯನ್ನು ಹೇಳಿ ಮುಗಿಸುವ ಆತುರದಲ್ಲಿರುವುದಿಲ್ಲ. ಕೇಳುವವರಿಗಾದರೂ ಕಥೆಯ ಕೊನೆಯು ಮೊದಲೇ ಗೊತ್ತು.

ಮಾದಪ್ಪನ ಕಥೆಯ ಶರಣೆ ಸಂಕಮ್ಮನ ಸಾಲನ್ನೇ ತೆಗೆದುಕೊಳ್ಳಬಹುದು. ಜೇನು ಕೀಳಲು ಕಾಡಿಗೆ ಹೊರಟ ನೀಲೇಗೌಡನು ಮನೆಯಲ್ಲಿ ಒಬ್ಬಳೇ ಉಳಿಯುವ ಹೆಂಡತಿಯಿಂದ ಭಾಷೆಯನ್ನು ಬೇಡುತ್ತಾನೆ. ಭಾಷೆ ಕೊಡುವುದು ತನ್ನ ಪಾತಿವ್ರತ್ಯದ ಮೇಲೆ ಸಂಶಯವನ್ನು ಒಪ್ಪಿಕೊಂಡಂತೆ ಎಂದು ಸಂಕಮ್ಮನು ಒಲ್ಲೆನೆನ್ನುತ್ತಾಳೆ. ಅವನು ಮತ್ತೆ ಕೇಳುತ್ತಾನೆ, ಅವಳು ಮತ್ತೆ ಒಲ್ಲೆನೆನ್ನುತ್ತಾಳೆ. ಕೇಳಿಕೆಯು ಬೇಡಿಕೆಯಾಗಿ, ಬೇಡಿಕೆಯು ಬೆದರಿಕೆಯಾಗಿ, ಬೆದರಿಕೆಯು ಹಿಂಸೆಯಾಗಿ ಬೆಳೆಯುವ ಈ ಭಾಗದಲ್ಲಿ ಪದಪದವೂ ಪುನರಾವರ್ತನೆಗೊಳ್ಳುತ್ತದೆ. ಹಿಮ್ಮೇಳದವರು ಪ್ರತಿಯೊಂದು ಚರಣದ ಕೊನೆಯನ್ನೂ ಎತ್ತಿ ಹಿಡಿದು ಹಿಂದಕ್ಕೊಪ್ಪಿಸುತ್ತಾರೆ. ಈ ಪುನರಾವರ್ತನೆಯನ್ನು ಅನವಶ್ಯಕವೆಂದು ಕತ್ತರಿಸಿದವನು ಕಾವ್ಯದ ಪ್ರಾಣವನ್ನೇ ಕತ್ತರಿಸಿದಂತಾಯಿತು. ಏಕೆಂದರೆ ಒಂಟಿ ಹೆಣ್ಣೊಬ್ಬಳ ಮೇಲೆ ಗಂಡನ ಸಂಶಯವು ಎಷ್ಟು ದೀರ್ಘಕಾಲ, ಎಷ್ಟು ಸಲ, ಎಷ್ಟು ರೂಪದಿಂದ ಬಂದು ಬಡಿಯುತ್ತದೆ ಎಂಬುದನ್ನು ಕೇಳುವವನ ದೇಹಕ್ಕೆ ಮುಟ್ಟಿಸುವ ಸಾಧನವೇ ಆ ಪುನರಾವರ್ತನೆ. ಕೇಳುವವರ ಸಾಲಿನಲ್ಲಿ ಕುಳಿತ ಹೆಂಗಸರು ಕಣ್ಣೊರೆಸಿಕೊಳ್ಳುವುದು ಕಥೆಯ ತಿರುವಿನಲ್ಲಲ್ಲ. ಹತ್ತನೆಯ ಸಲವೂ ಅವಳು ಅದೇ ಮಾತನ್ನು ಅದೇ ಸ್ಥೈರ್ಯದಿಂದ ಹೇಳಿದಾಗ.

ಇಂತಹ ಕಲೆಯನ್ನು ದೂರದರ್ಶನವು ಏನು ಮಾಡಿತು? ಅಲಕ್ಷಿಸಿತೆಂದು ಹೇಳಲಾಗದು, ಕಂಸಾಳೆಯವರನ್ನೂ ನೀಲಗಾರರನ್ನೂ ಗೌರವದಿಂದಲೇ ಕರೆಯಿತು, ಸಂಭಾವನೆ ಕೊಟ್ಟಿತು, ಹೆಸರನ್ನು ತೆರೆಯ ಮೇಲೆ ಬರೆಯಿತು. ಆದರೆ ಕರೆದುದು ಸ್ಟುಡಿಯೋಕ್ಕೆ. ಕೊಟ್ಟುದು ಅರ್ಧ ಗಂಟೆ, ಅದೂ ಇತರ ಜಿಲ್ಲೆಗಳ ಕಲೆಗಳೊಡನೆ ಹಂಚಿಕೊಳ್ಳಬೇಕಾದ ಅರ್ಧ ಗಂಟೆ. ಕೇಳುವವರಿಲ್ಲದ ಹಗಲಿನ ಸ್ಟುಡಿಯೋದಲ್ಲಿ, ಕಣ್ಣು ಕೋರೈಸುವ ದೀಪದಡಿಯಲ್ಲಿ, ನೆಲದ ಮೇಲೆ ಸೀಮೆಸುಣ್ಣದಿಂದ ಗುರುತುಮಾಡಿದ ಸ್ಥಳದಲ್ಲಿ ನಿಂತು ಹಾಡುವ ನೀಲಗಾರನು ತನ್ನ ಪರಂಪರೆಯ ಮಾದರಿಯೊಂದನ್ನು ತೋರಿಸಬಲ್ಲನೇ ಹೊರತು ಪರಂಪರೆಯನ್ನು ನಡೆಸಲಾರನು. ಕಂಸಾಳೆಯಂತೂ ಇನ್ನೂ ದುರದೃಷ್ಟದ್ದು. ಅದರ ಕುಣಿತವು ನೋಟಕ್ಕೆ ರಮಣೀಯವಾದುದರಿಂದ ಕಥೆಯನ್ನು ಬಿಟ್ಟು ಕುಣಿತವನ್ನು ಮಾತ್ರ ಎತ್ತಿಕೊಂಡರು. ಮೂರು ನಿಮಿಷದ ಬೀಸು, ಒಬ್ಬರ ಹೆಗಲ ಮೇಲೊಬ್ಬರು ಏರುವ ಕಸರತ್ತು, ಕೊನೆಗೆ ಒಂದು ನಮಸ್ಕಾರ. ಮಾದಪ್ಪನ ಹೆಸರು ಉಳಿಯಿತು, ಸಂಕಮ್ಮನು ಮರೆಯಾದಳು. ನನ್ನ ತೀರ್ಪನ್ನು ಸ್ಪಷ್ಟವಾಗಿ ಹೇಳುವುದಾದರೆ, ಬೆಂಗಳೂರಿನ ಕೇಂದ್ರವು ನಾಡಿನ ನುಡಿಗೆ ಸ್ಥಾನವನ್ನು ಕೊಟ್ಟಿತು, ನಾಡಿನ ಕಲಾವಿದರಿಗೆ ಸ್ಥಾನವನ್ನು ಕೊಟ್ಟಿತು. ಅವರ ಕಾಲಮಾನಕ್ಕೆ ಮಾತ್ರ ಸ್ಥಾನವನ್ನು ಕೊಡಲಿಲ್ಲ. ಸ್ಥಳೀಯತೆ ಎಂಬುದು ವೇಷದಲ್ಲಿಯೂ ಭಾಷೆಯಲ್ಲಿಯೂ ಇರುವಷ್ಟೇ, ಒಂದು ಜನಸಮುದಾಯವು ಒಂದು ವಿಷಯಕ್ಕೆ ಎಷ್ಟು ಹೊತ್ತನ್ನು ಸಲ್ಲಿಸುತ್ತದೆ ಎಂಬುದರಲ್ಲಿಯೂ ಇರುತ್ತದೆ.

ಇಡೀ ರಾತ್ರಿಯ ಹಾಡನ್ನು ತೋರಿಸುವುದು ತಾಂತ್ರಿಕವಾಗಿ ಅಸಾಧ್ಯವಾಗಿದ್ದಿತೆಂದು ವಾದಿಸುವವರು ಮೈಸೂರಿನ ದಸರೆಯನ್ನು ನೋಡಬೇಕು. ವಿಜಯದಶಮಿಯ ದಿನ ಜಂಬೂಸವಾರಿಯ ನೇರಪ್ರಸಾರವು ಗಂಟೆಗಟ್ಟಲೆ ನಡೆಯುತ್ತದೆ; ಆನೆಯು ಅರಮನೆಯಿಂದ ಹೊರಟು ನಿಧಾನವಾಗಿ ನಡೆಯುವುದನ್ನು, ಹಿಂದೆ ಮುಂದೆ ಸಾಗುವ ತಂಡಗಳನ್ನು ಒಂದೊಂದಾಗಿ ತೋರಿಸುತ್ತಾರೆ; ವಿವರಣಕಾರರು ಪ್ರತಿಯೊಂದರ ಇತಿಹಾಸವನ್ನೂ ಹೇಳುತ್ತಾರೆ. ಆ ಪ್ರಸಾರವನ್ನು ನಾನು ಮೆಚ್ಚುತ್ತೇನೆ. ಅರಮನೆಯ ಉತ್ಸವಕ್ಕೆ ಅದರ ಸಹಜವಾದ ಕಾಲವನ್ನು ಕೊಡಬಲ್ಲ ಕೇಂದ್ರವು ಮೈಸೂರಿನಿಂದ ಒಂದು ದಿನದ ಪ್ರಯಾಣವೂ ಇಲ್ಲದ ಚಿಕ್ಕಲ್ಲೂರಿಗೆ ಅದನ್ನು ಕೊಡದಿರುವುದು ಯಂತ್ರದ ಕೊರತೆಯಿಂದಲ್ಲ, ಯಾವುದು ಇಡಿಯಾಗಿ ನೋಡತಕ್ಕುದು, ಯಾವುದು ತುಣುಕಾಗಿ ನೋಡಿದರೆ ಸಾಕು ಎಂಬ ತಾರತಮ್ಯದಿಂದ. ಆ ತಾರತಮ್ಯವನ್ನು ಯಾರೂ ಕುಳಿತು ನಿರ್ಧರಿಸಿದ್ದಲ್ಲ, ಬರೆದಿಟ್ಟದ್ದೂ ಅಲ್ಲ. ಆದುದರಿಂದಲೇ ಅದನ್ನು ಎತ್ತಿ ತೋರಿಸಬೇಕಾಗಿದೆ.

ಬೇರೆ ದಾರಿಯೂ ಇದ್ದಿತೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವುಂಟು. ಗುಜರಾತಿನ ಖೇಡಾ ಜಿಲ್ಲೆಯ ಪಿಜ್ ಎಂಬ ಹಳ್ಳಿಯಲ್ಲಿ 1975ರಲ್ಲಿ ಒಂದು ಸಣ್ಣ ಪ್ರಸಾರಕವನ್ನು ನಿಲ್ಲಿಸಿ, ಅಹಮದಾಬಾದಿನ ಬಾಹ್ಯಾಕಾಶ ಸಂಸ್ಥೆಯವರು ಆ ಒಂದು ಜಿಲ್ಲೆಯ ಹಳ್ಳಿಗಳಿಗೆಂದೇ ಕಾರ್ಯಕ್ರಮಗಳನ್ನು ರಚಿಸಿದರು. ಹೊಲದ ಕೂಲಿ, ಅಸ್ಪೃಶ್ಯತೆ, ಬಡ್ಡಿ, ಹೆಂಗಸರ ದುಡಿಮೆ ಮೊದಲಾದ ವಿಷಯಗಳನ್ನು ಆಯಾ ಊರಿನವರೇ ತಮ್ಮ ಆಡುಮಾತಿನಲ್ಲಿ ಅಭಿನಯಿಸಿದರು. ಕಥೆಯ ರಚನೆಯಲ್ಲಿಯೂ ಅವರ ಕೈ ಇದ್ದಿತು. 1984ರಲ್ಲಿ ಗ್ರಾಮೀಣ ಸಂವಹನಕ್ಕಾಗಿ ಯುನೆಸ್ಕೋದ ಪುರಸ್ಕಾರವು ಅದಕ್ಕೆ ದೊರೆಯಿತು. ಮರುವರ್ಷವೇ ಪಿಜ್‌ನ ಪ್ರಸಾರವನ್ನು ನಿಲ್ಲಿಸಿದರು. ಜನರು ಪ್ರತಿಭಟಿಸಿದರೂ ಫಲವಾಗಲಿಲ್ಲ. 1984ರಲ್ಲಿಯೇ ದೇಶದಾದ್ಯಂತ ಹೆಚ್ಚುಕಡಮೆ ದಿನಕ್ಕೊಂದರಂತೆ ಹೊಸ ಪ್ರಸಾರಕಗಳು ಎದ್ದವೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಆ ಕಾಲದ ನೀತಿಯು ಮನಸ್ಸಿಗೆ ಬರುತ್ತದೆ. ಎದ್ದ ಪ್ರಸಾರಕಗಳು ಬಾಯಿಯುಳ್ಳವುಗಳಾಗಿರಲಿಲ್ಲ. ದೆಹಲಿಯಿಂದ ಬಂದುದನ್ನು ಸುತ್ತಲ ಊರುಗಳಿಗೆ ಹರಡುವುದಷ್ಟೇ ಅವುಗಳ ಕೆಲಸ. ಪಿ.ಸಿ. ಜೋಶಿಯವರ ಅಧ್ಯಕ್ಷತೆಯ ಸಮಿತಿಯು ದೂರದರ್ಶನಕ್ಕೆ ಭಾರತೀಯವಾದ ವ್ಯಕ್ತಿತ್ವ ಬೇಕು, ನಿರ್ಮಾಣವು ವಿಕೇಂದ್ರೀಕೃತವಾಗಬೇಕು ಎಂದು ಅದೇ ಸುಮಾರಿಗೆ ಹೇಳಿದ ಮಾತನ್ನು ಯಾರೂ ನಡೆಸಲಿಲ್ಲ.

ರೇಡಿಯೋವಿನ ಇತಿಹಾಸವು ನಮ್ಮ ಪಾಲಿಗೆ ಹೀಗಿರಲಿಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದಂದೇ ಈ ಸೀಮೆಗೆ ಹತ್ತಿರದ ಒಂದು ಕೇಂದ್ರವು ದೊರೆಯಿತು. ಮೈಸೂರು ಆಕಾಶವಾಣಿಯಲ್ಲಿ ಕಾವೇರಿಯ ಮತ್ತು ಕಪಿಲೆಯ ದಡದ ಧಾಟಿಗಳು ಅಪರಿಚಿತವಾಗಿರಲಿಲ್ಲ. ದೂರದರ್ಶನಕ್ಕೆ ಮೈಸೂರಿನಲ್ಲಿ ಅಂತಹ ಸ್ವತಂತ್ರವಾದ ಸ್ಟುಡಿಯೋ ಬೆಳೆಯಲಿಲ್ಲವಾಗಿ, ಅಖಂಡವಾದ ಹಳೆಯ ಮೈಸೂರು ಸೀಮೆಯು ಬೆಂಗಳೂರಿನ ಕಣ್ಣಿನಿಂದಲೇ ತನ್ನನ್ನು ನೋಡಿಕೊಳ್ಳಬೇಕಾಯಿತು. ದೇವನೂರ ಮಹಾದೇವರ ‘ಕುಸುಮಬಾಲೆ’ಗೆ 1990ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದ ಮೇಲೆ ಸಾಹಿತ್ಯಲೋಕವು ನಂಜನಗೂಡು ಚಾಮರಾಜನಗರದ ಕಡೆಯ ಮಾತಿಗೆ ತಲೆಬಾಗಿತು, ಕಿರುತೆರೆಯಲ್ಲಿ ಮಾತ್ರ ಆ ಮಾತು ಬಹುಕಾಲ ಮನೆಯಾಳಿನ ಬಾಯಲ್ಲಿಯೋ ನಗಿಸುವ ಪಾತ್ರದ ಬಾಯಲ್ಲಿಯೋ ಉಳಿದುಕೊಂಡಿತು. ಇದು ನನಗೆ ನೋವನ್ನುಂಟುಮಾಡುವ ಸಂಗತಿ.

ಖಾಸಗಿ ವಾಹಿನಿಗಳು ಬಂದವು. 1994ರಲ್ಲಿ ಉದಯ, ಆಮೇಲೆ ಇನ್ನೂ ಹಲವು. ಸುದ್ದಿಯನ್ನೇ ದಿನವಿಡೀ ಬಿತ್ತರಿಸುವವೂ ಬಂದವು. ಇವುಗಳ ಕ್ಯಾಮರಾಗಳು ನಮ್ಮ ಜಿಲ್ಲೆಗೆ ಬರುವುದು ಯಾವಾಗ? 2000ದ ಜುಲೈ 30ರಂದು ಗಡಿಯಾಚೆಯ ದೊಡ್ಡಗಾಜನೂರಿನಿಂದ ರಾಜಕುಮಾರರ ಅಪಹರಣವಾದಾಗ ಬಂದವು. 2018ರ ಡಿಸೆಂಬರಿನಲ್ಲಿ ಸುಳ್ವಾಡಿಯ ಗುಡಿಯ ಪ್ರಸಾದದಲ್ಲಿ ವಿಷ ಬೆರೆತಾಗ ಬಂದವು. 2021ರ ಮೇ ತಿಂಗಳಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ ರೋಗಿಗಳು ತೀರಿಕೊಂಡಾಗ ಬಂದವು. ಬರಬೇಕಾದುದೂ ಸರಿಯೆ, ಆದರೆ ದುಃಖವು ಮುಗಿಯುವ ಮೊದಲೇ ಹೋದವು. ಇದಲ್ಲದೆ, ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಅಧಿಕಾರ ಹೋಗುತ್ತದೆಂಬ ಮೂಢನಂಬಿಕೆಯನ್ನು ಪ್ರತಿ ಸಲವೂ ಹೊಸದೆಂಬಂತೆ ಎತ್ತಿ ಗಂಟೆಗಟ್ಟಲೆ ಚರ್ಚಿಸುವ ವಾಹಿನಿಗಳು, ಇದೇ ಜಿಲ್ಲೆಯ ಅರಿಸಿನ ಬೆಳೆಗಾರನ ಬೆಲೆಯ ವಿಷಯವನ್ನಾಗಲಿ ಕಾಡಂಚಿನ ಸೋಲಿಗರ ಹಕ್ಕಿನ ವಿಷಯವನ್ನಾಗಲಿ ಅಷ್ಟು ಹೊತ್ತು ಮಾತನಾಡಿದ್ದನ್ನು ನಾನು ಕಾಣೆ. ಇವುಗಳ ಪಕ್ಕದಲ್ಲಿ ಚಂದನವನ್ನಿಟ್ಟು ನೋಡಿದಾಗ ಅದರ ದೋಷವು ಸಣ್ಣದಾಗಿ ಕಾಣುತ್ತದೆಯಾದರೂ, ಕೆಳಗಿನದರೊಡನೆ ಹೋಲಿಸಿ ಮೇಲಿನದನ್ನು ಹೊಗಳುವುದು ವಿಮರ್ಶೆಯ ಮಾರ್ಗವಲ್ಲ.

ನಿಜವಾಗಿ ಸ್ಥಳೀಯವಾದ ದೃಶ್ಯಪ್ರಸಾರವು ನಮ್ಮ ತಾಲ್ಲೂಕುಪಟ್ಟಣಗಳಲ್ಲಿ ಹುಟ್ಟಿದುದು ಯಾವ ಸಮಿತಿಯ ಶಿಫಾರಸಿನಿಂದಲೂ ಅಲ್ಲ. ತೊಂಬತ್ತರ ದಶಕದಲ್ಲಿ ಕಂಬದಿಂದ ಕಂಬಕ್ಕೆ ತಂತಿಯೆಳೆದು ಮನೆಮನೆಗೆ ಸಂಪರ್ಕ ಕೊಟ್ಟ ಕೇಬಲ್ಲಿನವರಿಂದ. ಹತ್ತಾರು ವಾಹಿನಿಗಳ ನಡುವೆ ಒಂದನ್ನು ತಮ್ಮದಾಗಿ ಇಟ್ಟುಕೊಂಡು, ಮದುವೆಯ ವೀಡಿಯೋ ತೆಗೆಯುವ ಹುಡುಗನ ಕೈಗೆ ಕ್ಯಾಮರಾ ಕೊಟ್ಟು, ಊರಹಬ್ಬ, ಶಾಲೆಯ ವಾರ್ಷಿಕೋತ್ಸವ, ಪುರಸಭೆಯ ಜಗಳ, ಸಂತೆಯ ಧಾರಣೆ ಇವನ್ನು ಅವರು ತೋರಿಸಿದರು. 1995ರ ಕೇಬಲ್ ಕಾಯಿದೆಯು ಬಂದಾಗಲೂ ಈ ಸಣ್ಣ ವಾಹಿನಿಗಳ ಕಡೆಗೆ ಯಾರೂ ಗಂಭೀರವಾಗಿ ಲಕ್ಷ್ಯಕೊಡಲಿಲ್ಲ. ಅವುಗಳ ಚಿತ್ರ ಒರಟು, ಧ್ವನಿ ಮಸುಕು, ಜಾಹೀರಾತು ಅತಿ, ಊರ ದೊಡ್ಡವರ ಮುಖಸ್ತುತಿ ಧಾರಾಳ, ಇವೆಲ್ಲ ನಿಜ. ಆದರೂ ಒಂದು ವಿಷಯದಲ್ಲಿ ಅವು ಬೆಂಗಳೂರಿನ ಕೇಂದ್ರಕ್ಕೆ ಪಾಠ ಹೇಳಬಲ್ಲವಾಗಿದ್ದವು. ತೇರು ಎಳೆಯುವುದಕ್ಕೆ ಎರಡು ಗಂಟೆ ಹಿಡಿದರೆ ಎರಡು ಗಂಟೆಯನ್ನೂ ತೋರಿಸುತ್ತಿದ್ದವು. ಪೌರಾಣಿಕ ನಾಟಕವು ಬೆಳಗಿನ ಜಾವದವರೆಗೆ ನಡೆದರೆ ಅದನ್ನು ನಾಲ್ಕು ದಿನ ಹಂಚಿ ಪೂರ್ತಿಯಾಗಿ ತೋರಿಸುತ್ತಿದ್ದವು. ಆಷಾಢದಲ್ಲಿ ನವದಂಪತಿಗಳು ಸೇರುವ ಚಾಮರಾಜೇಶ್ವರನ ರಥೋತ್ಸವವು, 2017ರಲ್ಲಿ ತೇರಿಗೆ ಬೆಂಕಿಬಿದ್ದು ನಿಂತುಹೋಗಿ, ಹೊಸ ತೇರಿನೊಡನೆ 2022ರಲ್ಲಿ ಮರಳಿ ಆರಂಭವಾದಾಗ ಊರಿನವರ ಮನಸ್ಸಿನಲ್ಲಿ ಎದ್ದ ಹರ್ಷವು ರಾಜ್ಯದ ವಾರ್ತೆಯಲ್ಲಿ ಅರ್ಧ ನಿಮಿಷದ ವಿಷಯ. ಊರಿನ ಪಾಲಿಗೆ ಅದು ಇಡೀ ದಿನದ ವಿಷಯ. ಅನಲಾಗ್ ಹೋಗಿ ಸೆಟ್‌ಟಾಪ್ ಪೆಟ್ಟಿಗೆ ಕಡ್ಡಾಯವಾದ ಮೇಲೆ, 2012ರಲ್ಲಿ ಮಹಾನಗರಗಳಿಂದ ಮೊದಲಾಗಿ 2017ರ ಹೊತ್ತಿಗೆ ಹಳ್ಳಿಯವರೆಗೂ ಬಂದ ಆ ಬದಲಾವಣೆಯಲ್ಲಿ, ಸಣ್ಣ ಕೇಬಲ್ಲಿನವರು ಬಹುಮಂದಿ ದೊಡ್ಡ ಸಂಸ್ಥೆಗಳ ವಿತರಕರಾಗಿ ಉಳಿದರು. ಅವರು ತೆಗೆದ ಕ್ಯಾಸೆಟ್ಟುಗಳು ಎಲ್ಲೆಲ್ಲಿ ಬೂಸಲು ಹಿಡಿಯುತ್ತಿರುವವೋ!

ಈಚಿನ ವರ್ಷಗಳಲ್ಲಿ ದೂರದರ್ಶನವು ತನ್ನ ಹಳೆಯ ಭೂಪ್ರಸಾರಕಗಳನ್ನು ಬಹುಮಟ್ಟಿಗೆ ಮುಚ್ಚಿದೆ. ಆಂಟೆನಾ ತಿರುಗಿಸುವ ಕಾಲವು ಮುಗಿದು, ಉಚಿತವಾದ ಡಿಶ್ಶಿನಿಂದಲೂ ಅಂತರ್ಜಾಲದಿಂದಲೂ ಚಂದನವು ಬೆಟ್ಟದ ಮೇಲಿನ ಸೋಲಿಗರ ಪೋಡಿಗೂ ತಲುಪಬಲ್ಲುದಾಗಿದೆ. ಹಿಂದೆ ಅರ್ಧ ಗಂಟೆಯ ನಿರ್ಬಂಧಕ್ಕೆ ಒಂದು ನ್ಯಾಯವಾದರೂ ಇದ್ದಿತು: ಒಂದೇ ವಾಹಿನಿ, ಸಂಜೆಯ ಕೆಲವೇ ಗಂಟೆ, ಕಾಯುತ್ತಿರುವ ಜಿಲ್ಲೆಗಳು ಹಲವು. ಯೂಟ್ಯೂಬಿನಲ್ಲಿ ಚಂದನಕ್ಕೆ ತನ್ನದೇ ಆದ ತಾಣವಿರುವ ಈ ಹೊತ್ತಿನಲ್ಲಿ ಆ ನ್ಯಾಯವು ಉಳಿದಿಲ್ಲ. ಆರು ಗಂಟೆಯ ಹಾಡನ್ನು ಆರು ಗಂಟೆಯಾಗಿಯೇ ಇಡಬಹುದು. ಬೇಕಾದವನು ಬೇಕಾದಾಗ ಕೇಳುತ್ತಾನೆ. ಇಡೀ ಸಾಲನ್ನು ಕಂಠದಲ್ಲಿಟ್ಟುಕೊಂಡಿರುವ ಹಿರಿಯ ದೇವರಗುಡ್ಡರ, ನೀಲಗಾರರ ಸಂಖ್ಯೆ ಇಳಿಯುತ್ತಿರುವ ಈ ಸಮಯದಲ್ಲಿ, ಸರ್ಕಾರದ ಹಣದಿಂದ ನಡೆಯುವ ಕೇಂದ್ರಕ್ಕೆ ಇದಕ್ಕಿಂತ ಯೋಗ್ಯವಾದ ಕೆಲಸವು ನನಗೆ ತೋರುವುದಿಲ್ಲ.

ಹಾಗೆ ಮಾಡುವುದಾದರೆ ಸ್ಟುಡಿಯೋಕ್ಕೆ ಕರೆಯದೆ ಊರಿಗೆ ಹೋಗಬೇಕು. ಹಾಡುಗಾರನು ತಾನೇ ಆರಿಸಿದ ಮನೆಯಂಗಳದಲ್ಲಿ, ರಾತ್ರಿಯಲ್ಲಿ, ಅವನ ಹಿಮ್ಮೇಳದವರೊಡನೆ, ಮುಖ್ಯವಾಗಿ ಅವನ ಕೇಳುಗರೊಡನೆ ಧ್ವನಿಮುದ್ರಣ ನಡೆಯಬೇಕು. ಕ್ಯಾಮರಾ ಒಂದು ಹಾಡುವವನ ಮೇಲಿದ್ದರೆ ಇನ್ನೊಂದು ಕೇಳುವವರ ಮೇಲಿರಬೇಕು. ನಡುವೆ ಎಲೆಯಡಿಕೆಗೆ ನಿಲ್ಲಿಸಿದರೆ ಅದನ್ನೂ ತೆಗೆಯಲಿ. ಗುಲ್ಬರ್ಗದ ಹಳ್ಳಿಗಳಲ್ಲಿ ‘ಸೈಟ್’ ನಡೆದಾಗ ಸಮಾಜವಿಜ್ಞಾನಿಗಳು ಊರುಗಳಲ್ಲಿಯೇ ತಂಗಿ ಜನರು ಏನನ್ನು ನೋಡಿದರು, ಏನನ್ನು ಬಿಟ್ಟು ಎದ್ದುಹೋದರು ಎಂದು ಬರೆದುಕೊಂಡಂತೆ, ಇಲ್ಲಿಯೂ ಕೆಲವರು ಉಳಿದು ಹಾಡಿನ ಪಾಠವನ್ನೂ ಕೇಳುಗರ ಮಾತನ್ನೂ ಬರೆದುಕೊಳ್ಳಲಿ. ಸಂಕಮ್ಮನ ಸಾಲಿನಿಂದ ಆರಂಭಿಸಬಹುದು. ಬೇವಿನಹಟ್ಟಿ ಕಾಳಮ್ಮನ ಸಾಲು, ಜುಂಜೇಗೌಡನ ಸಾಲು, ಹಲಗೂರಿಗೆ ಕಬ್ಬಿಣದ ಭಿಕ್ಷೆಗೆ ಹೋದ ಸಿದ್ಧಪ್ಪಾಜಿಯ ಕಥೆ ಇವು ಅನಂತರ ಬರಲಿ. ಮುಂದಿನ ಚಿಕ್ಕಲ್ಲೂರಿನ ಜಾತ್ರೆಗೆ ಜೆ.ಸಿ. ನಗರದಿಂದ ಒಂದು ತಂಡವು ಐದು ದಿನದ ಮಟ್ಟಿಗೆ ಹೊರಟುಬಂದರೆ, ಬಿಡಾರ ಹಾಕಲು ಜಾಗವನ್ನೂ ಪಂಕ್ತಿಯಲ್ಲಿ ಊಟವನ್ನೂ ಕೊಡುವ ಜನರು ಇಲ್ಲಿ ಬೇಕಾದಷ್ಟು ಇದ್ದಾರೆ.